ನರಸೀಪುರದ ಒಂದು ಮಳೆಗೆ ಮೂರು ತಾರೀಖು

ದೊಡ್ಡಪ್ಪನ ಫೋನ್ ಬಂದಾಗ ನಾನು ಸ್ಟ್ಯಾಂಡ್‌ಅಪ್ ಮೀಟಿಂಗ್‌ನಲ್ಲಿದ್ದೆ. ಕಟ್ ಮಾಡಿದೆ. ಮತ್ತೆ ಬಂತು. ಹಳ್ಳಿಯಿಂದ ಎರಡು ಸಲ ಫೋನ್ ಬಂದರೆ ಎದ್ದು ಹೋಗಲೇಬೇಕು, ಅದು ನಮ್ಮನೆ ನಿಯಮ.

"ಅದೇನ್ಲಾ ನಿಮ್ ಕಂಪ್ನಿ ಮೆಸೇಜು? ನಮ್ ಕಡೆ ಮಳೆ ಆಗಿಲ್ವಂತೆ, ಬೆಳೆಗೆ ನೀರು ಹಾಯ್ಸಬೇಕಂತೆ. ನೆನ್ನೆ ರಾತ್ರಿ ಸುರಿದಿರೋದಕ್ಕೆ ಅಲಸಂದೆ ಹೊಲ್ದಲ್ಲಿ ಮೊಣಕಾಲುದ್ದ ನೀರು ನಿಂತದೆ. ಇನ್ನೂ ಎಲ್ಲಿಂದ ತಂದು ಹಾಯ್ಸನ?"

ತಿ. ನರಸೀಪುರ ತಾಲ್ಲೂಕಿನಲ್ಲಿ, ಬನ್ನೂರಿನ ದಿಕ್ಕಿಗಿರೋ ಊರು ನಮ್ಮದು. ಮೇ ತಿಂಗಳು. ಮುಂಗಾರಿಗೆ ಮುಂಚಿನ ಮಳೆ ನಮ್ಮ ಕಡೆ ಹೆಚ್ಚಾಗಿ ಸಂಜೆ ಮೇಲೆ ಗುಡುಗು ಸಿಡಿಲಿನ ಜೊತೆ ಬರುತ್ತೆ. ಹಗಲೆಲ್ಲ ಕಾದು ಹಂಚಾದ ನೆಲ, ಮಧ್ಯಾಹ್ನದ ಮೇಲೆ ಮೋಡ, ಕತ್ತಲಾದ ಮೇಲೆ ಸುರಿತ. ಅವತ್ತೂ ಹಾಗೇ ಆಗಿತ್ತು. ನಾನು ಆಗ ಕೆಲಸ ಮಾಡ್ತಿದ್ದ ಕಂಪನಿ (ಹೆಸರು ಬೇಡ, ಈಗಲೂ ಅಲ್ಲಿ ಫ್ರೆಂಡ್ಸ್ ಇದ್ದಾರೆ) ರೈತರಿಗೆ ಹವಾಮಾನದ ಸಲಹೆ ಕಳಿಸೋ ಆ್ಯಪ್ ನಡೆಸ್ತಿತ್ತು. ದೊಡ್ಡಪ್ಪನ ನಂಬರನ್ನ ಅದರಲ್ಲಿ ಸೇರಿಸಿದವನು ನಾನೇ. ಆ ಮೆಸೇಜ್ ಕಳಿಸಿದ ಪೈಪ್‌ಲೈನ್ ಬರೆದವನೂ ನಾನೇ.

ವಾಪಸ್ ಬಂದು ಡ್ಯಾಶ್‌ಬೋರ್ಡ್ ತೆಗೆದೆ. ನರಸೀಪುರ, ಮಳೆ: ಸೊನ್ನೆ. ಬಣ್ಣ: ಹಸಿರು. ಎಲ್ಲ ಜಾಬ್‌ಗಳೂ ಸಕ್ಸಸ್. ಮಾರನೇ ದಿನ ಬುಧವಾರ ಅದೇ ಡ್ಯಾಶ್‌ಬೋರ್ಡ್ ಜೋರು ಮಳೆ ತೋರಿಸ್ತು. ಅಲ್ಲಿ ಬುಧವಾರ ಒಂದು ಹನಿಯೂ ಬಿದ್ದಿರಲಿಲ್ಲ.

ಈ ಅಂಕಣದಲ್ಲಿ ಸಾಮಾನ್ಯವಾಗಿ ಸಿನಿಮಾನೋ ಪುಸ್ತಕಾನೋ ವಿಮರ್ಶೆ ಮಾಡ್ತೀನಿ. ಈ ಸಲ ಎರಡಕ್ಷರದ ಒಂದು ವೇರಿಯಬಲ್‌ನ ವಿಮರ್ಶೆ. ಅದರ ಹೆಸರು ಡಿಎಸ್. ಅಪಾಚೆ ಏರ್‌ಫ್ಲೋ ಬಳಸೋ ಎಲ್ಲರೂ ಜೋಡಿ ಹೂಬ್ರಾಕೆಟ್ ಒಳಗೆ ಇದನ್ನ ಒಂದಲ್ಲ ಒಂದು ದಿನ ಬರೆದಿರ್ತಾರೆ. ಬರೆದವರಲ್ಲಿ ಅರ್ಧಕ್ಕರ್ಧ ಜನ ಅದರ ಅರ್ಥ ತಪ್ಪು ತಿಳ್ಕೊಂಡಿರ್ತಾರೆ ಅಂತ ನನ್ನ ಅನುಮಾನ. ನಾನಂತೂ ತಿಳ್ಕೊಂಡಿದ್ದೆ.

ಡೇಟಾ ಕೆಲಸದಲ್ಲಿ ಇಲ್ಲದವರಿಗೆ ಎರಡು ಮಾತು. ದಿನಾ ಓಡಬೇಕಾದ ಕೆಲಸವನ್ನ ಒಂದು ಸಲ ಬರೆದಿಡ್ತೀವಿ, ಯಾವತ್ತಿನ ಡೇಟಾ ಅನ್ನೋ ಜಾಗ ಖಾಲಿ ಬಿಟ್ಟಿರ್ತೀವಿ. ಓಡೋ ಹೊತ್ತಿಗೆ ಆ ಖಾಲಿ ಜಾಗವನ್ನ ಟೂಲ್ ತಾನೇ ತುಂಬಿಕೊಳ್ಳುತ್ತೆ. ಹಾಗೆ ತುಂಬೋಕೆ ಟೂಲ್ ಮೊದಲೇ ಇಟ್ಕೊಂಡಿರೋ ಹೆಸರುಗಳೇ ಬಿಲ್ಟ್‌ಇನ್ ವೇರಿಯಬಲ್‌ಗಳು: ಇವತ್ತಿನ ತಾರೀಖು, ಈ ಓಟದ ನಂಬರ್, ಈ ಜಾಬ್‌ನ ಹೆಸರು, ಹೀಗೆ.

ಇದು ಹೊಸದಲ್ಲ. ನಂಜನಗೂಡಿನ ಶ್ರೀಕಂಠೇಶ್ವರನ ದೇವಸ್ಥಾನದಲ್ಲಿ ಅರ್ಚನೆ ಚೀಟಿ ಹಿಡಿದು ನಿಂತಿದ್ದೀರಾ? ಪೂಜೆಗೆ ಮುಂಚೆ ಹೇಳೋ ಸಂಕಲ್ಪವನ್ನ ಒಂದು ಸಲ ಗಮನವಿಟ್ಟು ಕೇಳಿ. ಅದು ಅಪ್ಪಟ ಟೆಂಪ್ಲೇಟ್. ಮೊದಲು ಜಾಗ: ಯಾವ ದ್ವೀಪ, ಯಾವ ವರ್ಷ, ಯಾವ ಖಂಡ, ಯಾವ ನದಿಯ ಯಾವ ದಡ. ಆಮೇಲೆ ಕಾಲ: ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಇವೆಲ್ಲ ಬಿಲ್ಟ್‌ಇನ್, ಪಂಚಾಂಗದಿಂದ ಬರುತ್ತೆ. ಕೊನೆಗೆ ನಿಮ್ಮ ಕಡೆಯಿಂದ ಬರೋ ಪ್ಯಾರಾಮೀಟರ್‌ಗಳು: ಹೆಸರು, ನಕ್ಷತ್ರ, ಗೋತ್ರ. ಗೋತ್ರ ಗೊತ್ತಿಲ್ಲ ಅಂದ್ರೆ ಕಾಶ್ಯಪ ಅಂತ ಹೇಳಿ ಮುಂದೆ ಹೋಗೋದು ವಾಡಿಕೆ. ನಮ್ಮ ಮನೆಯವರು ತಲೆತಲಾಂತರದಿಂದ ಈ ಡೀಫಾಲ್ಟ್ ವ್ಯಾಲ್ಯೂ ಮೇಲೇ ಬದುಕಿದ್ದಾರೆ. ದೇವರ ಕಡೆಯಿಂದ ಇವತ್ತಿನವರೆಗೂ ಯಾವ ಎರರ್ ಬಂದಿಲ್ಲ.

ಒಂದು ವಿಷಯ ನನಗೆ ತುಂಬಾ ಇಷ್ಟ. ಪೂಜೆ ನಡೀತಿರೋದು ಕಪಿಲಾ ನದಿ ದಡದಲ್ಲಿ. ಆದ್ರೆ ನಮ್ಮ ಕಡೆ ರೂಢಿಯಲ್ಲಿರೋ ಸಂಕಲ್ಪದಲ್ಲಿ ಬರೋದು ಗೋದಾವರಿಯ ದಕ್ಷಿಣ ದಡ. ತಪ್ಪೇನಿಲ್ಲ, ನಂಜನಗೂಡು ಗೋದಾವರಿಯ ದಕ್ಷಿಣಕ್ಕೇ ಇದೆ, ನೂರಾರು ಕಿಲೋಮೀಟರ್ ದಕ್ಷಿಣಕ್ಕೆ. ನಗಬೇಡಿ. ನಾನು ಬೆಂಗಳೂರಿನಲ್ಲಿ ಕೂತು ನರಸೀಪುರದ ಮಳೆಗೋಸ್ಕರ ಬರೆದ ಕಾನ್ಫಿಗ್ ಫೈಲ್‌ನಲ್ಲಿ ಟೈಮ್‌ಝೋನ್ ಏನಂತ ಇತ್ತು ಗೊತ್ತಾ? ಏಷ್ಯಾ, ಕೋಲ್ಕತಾ.

ಆದರೂ ಸಂಕಲ್ಪ ಒಂದು ಕೆಲಸ ಸರಿಯಾಗಿ ಮಾಡುತ್ತೆ. ಯಾವ ಜಾಗದ ಕಾಲ ಅನ್ನೋದನ್ನ ಹೇಳಿದ ಮೇಲೇ ಕಾಲ ಹೇಳುತ್ತೆ. ನನ್ನ ತಕರಾರಿರೋದು ಈ ಶಿಸ್ತು ನಮ್ಮ ಟೂಲ್‌ಗಳಲ್ಲಿ ಇಲ್ಲ ಅನ್ನೋದಕ್ಕೆ.

ಈಗ ಡಿಎಸ್‌ಗೆ ಬರೋಣ. ಏರ್‌ಫ್ಲೋ ಹುಟ್ಟಿದ್ದು 2014ರಲ್ಲಿ, ಏರ್‌ಬಿಎನ್‌ಬಿ ಕಂಪನಿಯಲ್ಲಿ, ಮ್ಯಾಕ್ಸಿಮ್ ಬೋಶ್‌ಮನ್ ಅವರ ಕೈಯಲ್ಲಿ. ಅದರಲ್ಲಿ ಒಂದು ಮೂಲಭೂತ ವೇರಿಯಬಲ್ ಇತ್ತು, ಹೆಸರು ಎಕ್ಸಿಕ್ಯೂಷನ್ ಡೇಟ್. ಡಿಎಸ್ ಅಂದ್ರೆ ಅದೇ, ವರ್ಷ-ತಿಂಗಳು-ದಿನ ಅಂತ ಬರೆದ ರೂಪ. ಎಕ್ಸಿಕ್ಯೂಷನ್ ಡೇಟ್ ಅಂದ್ರೆ ಏನು? ಇಂಗ್ಲಿಷ್ ಬರೋ ಯಾರನ್ನ ಬೇಕಾದ್ರೂ ಕೇಳಿ, ಕೆಲಸ ಓಡಿದ ದಿನ ಅಂತಾರೆ. ಅಲ್ಲ. ಕೆಲಸ ಯಾವ ಅವಧಿಯ ಡೇಟಾಗೋಸ್ಕರ ಓಡಿತೋ ಆ ಅವಧಿ ಶುರುವಾದ ದಿನ. ದಿನಕ್ಕೊಂದು ಸಲ ಓಡೋ ಜಾಬ್ ಮಂಗಳವಾರ ಬೆಳಿಗ್ಗೆ ಓಡಿದ್ರೆ ಅದರ ಎಕ್ಸಿಕ್ಯೂಷನ್ ಡೇಟ್ ಸೋಮವಾರ.

ಇದರ ಹಿಂದಿನ ಯೋಚನೆ ತಪ್ಪು ಅಂತ ನಾನು ಹೇಳ್ತಿಲ್ಲ, ಅದು ನಿಜಕ್ಕೂ ಒಳ್ಳೇ ಯೋಚನೆ. ಸೋಮವಾರದ ಲೆಕ್ಕ ಹಾಕಬೇಕಾದ್ರೆ ಸೋಮವಾರ ಮುಗಿದಿರಬೇಕು. ಮುಗಿದ ಮೇಲೆ ಓಡೋ ಕೆಲಸ ಮಂಗಳವಾರವೇ ಓಡುತ್ತೆ, ಆದ್ರೆ ಅದು ಸೋಮವಾರದ ಕೆಲಸ. ಇದರ ನಿಜವಾದ ಲಾಭ ಗೊತ್ತಾಗೋದು ಏನಾದರೂ ಕೆಟ್ಟಾಗ. ಮಾರ್ಚ್ ತಿಂಗಳಿಡೀ ಲೆಕ್ಕ ತಪ್ಪಾಗಿದೆ ಅಂತ ಜುಲೈನಲ್ಲಿ ಗೊತ್ತಾಯ್ತು ಅಂದುಕೊಳ್ಳಿ. ಕೋಡ್‌ನಲ್ಲಿ 'ಈಗ ಟೈಮ್ ಎಷ್ಟು' ಅಂತ ಗಡಿಯಾರ ಕೇಳಿದ್ದರೆ, ಜುಲೈನಲ್ಲಿ ಓಡಿಸಿದಾಗ ಜುಲೈ ಅಂತಾನೇ ಉತ್ತರ ಬರುತ್ತೆ. ಬಿಲ್ಟ್‌ಇನ್ ವೇರಿಯಬಲ್ ಬಳಸಿದ್ದರೆ ಮಾರ್ಚ್ 3ರ ಓಟವನ್ನ ಯಾವಾಗ ಮತ್ತೆ ಓಡಿಸಿದ್ರೂ ಅದು ಮಾರ್ಚ್ 3 ಅಂತಾನೇ ನಂಬುತ್ತೆ. ಹೊಸಬರು ಕೋಡ್ ಒಳಗೆ ಗಡಿಯಾರ ಕೇಳೋದನ್ನ ನೋಡಿದಾಗ ನನಗೆ ಈಗಲೂ ಮೈ ಉರಿಯುತ್ತೆ.

ಯೋಚನೆಗೆ ಫುಲ್ ಮಾರ್ಕ್ಸ್ ಕೊಡ್ತೀನಿ, ಹೆಸರಿಗೆ ಸೊನ್ನೆ. ಅಡುಗೆ ಚೆನ್ನಾಗಿದೆ, ಡಬ್ಬದ ಮೇಲೆ ಉಪ್ಪು ಅಂತ ಬರೆದು ಒಳಗೆ ಸಕ್ಕರೆ ಹಾಕಿಟ್ಟಿದ್ದಾರೆ. ಬರೆದವರಿಗೆ ತಮ್ಮನೆ ಅಡುಗೆಮನೆ ಗೊತ್ತು, ನಮಗೆ ಗೊತ್ತಿಲ್ಲ.

ಏರ್‌ಫ್ಲೋದವರಿಗೂ ಇದು ಗೊತ್ತಾಯ್ತು. 2021ರ ಅಕ್ಟೋಬರ್‌ನಲ್ಲಿ ಬಂದ 2.2 ಆವೃತ್ತಿಯಲ್ಲಿ ಎಕ್ಸಿಕ್ಯೂಷನ್ ಡೇಟ್ ಅನ್ನೋ ಹೆಸರನ್ನ ಬದಿಗಿಟ್ಟು ಲಾಜಿಕಲ್ ಡೇಟ್ ಅಂದ್ರು. ಜೊತೆಗೆ ಡೇಟಾ ಇಂಟರ್ವಲ್ ಸ್ಟಾರ್ಟ್, ಡೇಟಾ ಇಂಟರ್ವಲ್ ಎಂಡ್ ಅಂತ ಎರಡು ಹೊಸ ಹೆಸರು ಕೊಟ್ರು. ಅವಧಿಯ ಶುರು, ಅವಧಿಯ ಕೊನೆ. ಈ ಎರಡು ಒಳ್ಳೇ ಹೆಸರುಗಳು, ಓದಿದ ತಕ್ಷಣ ಅರ್ಥ ಆಗುತ್ತೆ. ಲಾಜಿಕಲ್ ಡೇಟ್ ಅನ್ನೋದು ಮಾತ್ರ ಇನ್ನೊಂದು ಒಗಟು. ಯಾರ ಲಾಜಿಕ್ಕು?

ಡಿಎಸ್ ಹಾಗೇ ಉಳೀತು. ಎರಡಕ್ಷರ, ಬೆರಳಿಗೆ ಅಭ್ಯಾಸ, ಗೂಗಲ್ ಮಾಡಿದ್ರೆ ಸಿಗೋ ಹಳೇ ಉತ್ತರಗಳಲ್ಲೆಲ್ಲ ಅದೇ. ನಾನೂ ಅದನ್ನೇ ಹಾಕಿದ್ದೆ.

ಈಗ ದೊಡ್ಡಪ್ಪನ ಮಳೆ ಏನಾಯ್ತು ನೋಡೋಣ. ಸೋಮವಾರ 12ನೇ ತಾರೀಖು, ರಾತ್ರಿ ಎಂಟು ಗಂಟೆಗೆ ಮಳೆ ಅಂತಿಟ್ಕೊಳ್ಳಿ. ದೊಡ್ಡಪ್ಪನ ಪ್ರಕಾರ ಅದು ಸೋಮವಾರದ ಮಳೆ. ಹವಾಮಾನ ಇಲಾಖೆಯ ಪ್ರಕಾರ ಅಲ್ಲ. ನಮ್ಮ ದೇಶದಲ್ಲಿ ಮಳೆಯ ದಿನ ಬದಲಾಗೋದು ಬೆಳಿಗ್ಗೆ 8:30ಕ್ಕೆ. ಹಿಂದಿನ ದಿನ 8:30ರಿಂದ ಇವತ್ತು 8:30ರವರೆಗೆ ಬಿದ್ದ ಮಳೆ ಇವತ್ತಿನ ತಾರೀಖಿಗೆ ಹೋಗುತ್ತೆ. ಯಾಕೆ 8:30? ಜಗತ್ತಿನ ಹವಾಮಾನ ಕೇಂದ್ರಗಳು ಒಂದೇ ಹೊತ್ತಿಗೆ ವೀಕ್ಷಣೆ ಮಾಡಬೇಕು ಅಂತ ಮೂರು ಮೂರು ಗಂಟೆಗೊಂದು ಸಮಯ ಗೊತ್ತು ಮಾಡಿದ್ದಾರೆ, ಯುಟಿಸಿ ಲೆಕ್ಕದಲ್ಲಿ. ಯುಟಿಸಿ ಮೂರು ಗಂಟೆ ಅಂದ್ರೆ ನಮ್ಮ ಎಂಟೂವರೆ. ಹಾಗಾಗಿ 12ರ ರಾತ್ರಿ ಬಿದ್ದ ಮಳೆ ಇಲಾಖೆಯ ಕಡತದಲ್ಲಿ 13ರ ಮಳೆ. ಮೇ ತಿಂಗಳಲ್ಲಿ ನಮ್ಮ ಕಡೆ ಮಳೆ ಬರೋದೇ ಸಂಜೆ ರಾತ್ರಿ ಆದ್ದರಿಂದ, ಹೆಚ್ಚುಕಮ್ಮಿ ಪ್ರತೀ ಮಳೆಯ ತಾರೀಖೂ ದೊಡ್ಡಪ್ಪನ ಲೆಕ್ಕಕ್ಕಿಂತ ಒಂದು ದಿನ ಮುಂದೆ.

ನನ್ನ ಜಾಬ್ ಓಡ್ತಿದ್ದದ್ದು ಬೆಳಿಗ್ಗೆ 9:30ಕ್ಕೆ, ಇಲಾಖೆಯ ಅಂಕಿ ಬಂದ ಮೇಲೆ. ಮಂಗಳವಾರ 13ರಂದು ಓಡಿದಾಗ ಡಿಎಸ್ ಬೆಲೆ 12. ಕೋಡ್ ಹೋಗಿ 12ರ ಫೈಲ್ ಕೊಡಿ ಅಂತು. 12ರ ಫೈಲ್‌ನಲ್ಲಿ ಇದ್ದದ್ದು ಭಾನುವಾರ ಬೆಳಿಗ್ಗೆಯಿಂದ ಸೋಮವಾರ ಬೆಳಿಗ್ಗೆವರೆಗಿನ ಮಳೆ, ಅಂದ್ರೆ ಸೊನ್ನೆ. 'ಮಳೆ ಆಗಿಲ್ಲ, ನೀರು ಹಾಯಿಸಿ.' ಬುಧವಾರ 14ರಂದು ಡಿಎಸ್ 13 ಆಯ್ತು, 13ರ ಫೈಲ್ ಬಂತು, ಸೋಮವಾರ ರಾತ್ರಿಯ ಮಳೆ ಬುಧವಾರದ ಡ್ಯಾಶ್‌ಬೋರ್ಡ್‌ನಲ್ಲಿ 'ಇಂದು' ಅನ್ನೋ ತಲೆಬರಹದ ಕೆಳಗೆ ಕೂತ್ಕೊಳ್ತು. ಮಳೆ ಒಂದೇ. ದೊಡ್ಡಪ್ಪನಿಗೆ 12, ಇಲಾಖೆಗೆ 13, ನನಗೆ 14.

ಇದರಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ. ಇಲಾಖೆಯವರು ಅವಧಿ ಮುಗಿದ ದಿನದ ಹೆಸರಿಡ್ತಾರೆ, ಏರ್‌ಫ್ಲೋ ಅವಧಿ ಶುರುವಾದ ದಿನದ ಹೆಸರಿಡುತ್ತೆ. ತಮಾಷೆ ಅಂದ್ರೆ ಈ ವಿಷಯದಲ್ಲಿ ಏರ್‌ಫ್ಲೋ ನಮ್ಮ ದೊಡ್ಡಪ್ಪನ ಪಾರ್ಟಿ. ಎರಡನ್ನೂ ಒಂದೇ ಪದ, 'ತಾರೀಖು', ಅನ್ನೋದರಿಂದ ಹೊಲಿದು ಹಾಕಿದವನು ನಾನು.

ಇನ್ನು ಯುಟಿಸಿ ಕಥೆ. ನೀವು ಏರ್‌ಫ್ಲೋದಲ್ಲಿ ಟೈಮ್‌ಝೋನ್ ಕೋಲ್ಕತಾ ಅಂತ ಹಾಕಿದ್ರೂ ಅದು ಜಾಬ್ ಯಾವಾಗ ಓಡಬೇಕು ಅನ್ನೋದಕ್ಕೆ ಮಾತ್ರ. ಡಿಎಸ್ ಅನ್ನೋ ಅಕ್ಷರಗಳು ಬರೋದು ಯುಟಿಸಿಯಲ್ಲೇ. ನನ್ನ ಜಾಬ್ 9:30ಕ್ಕೆ ಇದ್ದದ್ದರಿಂದ ಬಚಾವಾದೆ. ಅದೇ ಜಾಬನ್ನ ನಮ್ಮ ಮಧ್ಯರಾತ್ರಿ ಹನ್ನೆರಡಕ್ಕೆ ಇಟ್ಟು ನೋಡಿ. 13ರ ಮಧ್ಯರಾತ್ರಿ ಓಡೋ ಜಾಬ್‌ನ ಅವಧಿ ಶುರುವಾಗಿದ್ದು 12ರ ಮಧ್ಯರಾತ್ರಿ, ಯುಟಿಸಿಯಲ್ಲಿ ಅದು 11ನೇ ತಾರೀಖು ಸಂಜೆ 6:30. ಡಿಎಸ್ ಬೆಲೆ 11. ಡೇಟಾ 12ರದು, ಓಡ್ತಿರೋದು 13ರಂದು, ಹೆಸರು 11. ಲಂಡನ್‌ನಲ್ಲಿ ಕೂತಿರೋ ಎಂಜಿನಿಯರ್‌ಗೆ ಈ ಡೀಫಾಲ್ಟ್ ಎಷ್ಟು ಹಿತವಾಗಿರಬಹುದು ಯೋಚಿಸಿ.

ಯುಟಿಸಿ ದಿನ ನಮ್ಮೂರಲ್ಲಿ ಶುರುವಾಗೋದು ಬೆಳಿಗ್ಗೆ 5:30ಕ್ಕೆ, ಹಾಲು ಡೇರಿಗೆ ಹೋಗೋ ಹೊತ್ತಿಗೆ. ಪಂಚಾಂಗದ ಪ್ರಕಾರ ದಿನ ಶುರುವಾಗೋದು ಸೂರ್ಯೋದಯಕ್ಕೆ. ಅಂದ್ರೆ ಗ್ರೀನಿಚ್‌ನವರ ದಿನ ನಮ್ಮ ಗೋಡೆಯ ಕ್ಯಾಲೆಂಡರಿಗಿಂತ ಒಂಟಿಕೊಪ್ಪಲ್ ಪಂಚಾಂಗಕ್ಕೇ ಹತ್ತಿರ! ಇದನ್ನ ಕಂಡುಹಿಡಿದ ದಿನ ಆಫೀಸಲ್ಲಿ ಎಲ್ಲರಿಗೂ ಹೇಳಿದೆ, ಯಾರೂ ನಗಲಿಲ್ಲ.

ಪಂಚಾಂಗ ಸರಳ ಅಂತಲ್ಲ. ಸೂರ್ಯೋದಯಕ್ಕೆ ಯಾವ ತಿಥಿ ಇದೆಯೋ ಅದೇ ದಿನಕ್ಕೆಲ್ಲ ಹೆಸರು. ಎರಡು ಸೂರ್ಯೋದಯಗಳ ನಡುವೆ ಹುಟ್ಟಿ ಸತ್ತ ತಿಥಿ ಯಾವ ದಿನಕ್ಕೂ ಹೆಸರು ಕೊಡದೆ ಹೋಗುತ್ತೆ, ಅದನ್ನ ಕ್ಷಯ ತಿಥಿ ಅಂತಾರೆ. ಶಿವರಾತ್ರಿಗೆ ಮಾತ್ರ ಸೂರ್ಯೋದಯ ಬೇಡ, ನಡುರಾತ್ರಿ ಯಾವ ತಿಥಿ ಅಂತ ನೋಡ್ತಾರೆ. ಏಕಾದಶಿ ಕೆಲವು ಸಲ ಸ್ಮಾರ್ತರಿಗೆ ಒಂದು ದಿನ, ವೈಷ್ಣವರಿಗೆ ಇನ್ನೊಂದು ದಿನ. ಆದ್ರೆ ನೋಡಿ, ಕ್ಯಾಲೆಂಡರ್‌ನಲ್ಲಿ ಎರಡನ್ನೂ ಬೇರೆಬೇರೆಯಾಗಿ ಅಚ್ಚು ಹಾಕಿರ್ತಾರೆ, ಯಾರ ಏಕಾದಶಿ ಅಂತ ಹೆಸರಿನ ಜೊತೆಗೇ. ನಮ್ಮ ಅಜ್ಜಿಗೆ ಓದು ಬರ್ತಿರಲಿಲ್ಲ, ಅವರೂ ಗೊಂದಲ ಮಾಡಿಕೊಳ್ತಿರಲಿಲ್ಲ.

ಆಮೇಲೆ ನಾನು ಮಾಡಿದ ರಿಪೇರಿ ನಾಚಿಕೆಗೇಡಿನದು. ಡಿಎಸ್‌ಗೆ ಒಂದು ಕೂಡಿಸಿದೆ. ಅಷ್ಟೆ. ಏರ್‌ಫ್ಲೋದಲ್ಲಿ ಅದಕ್ಕೇ ಅಂತ ಡಿಎಸ್ ಆ್ಯಡ್ ಅನ್ನೋ ಮ್ಯಾಕ್ರೋ ಇದೆ, ಅಂದ್ರೆ ಈ ರೋಗ ಎಷ್ಟು ಜನಕ್ಕಿದೆ ಅಂತ ಅಂದಾಜು ಮಾಡಿ. ಕಾಮೆಂಟ್ ಕೂಡ ಬರೀಲಿಲ್ಲ. ಅಲ್ಲಿಂದ ಮುಂದೆ ಮೆಸೇಜ್‌ಗಳು ಸರಿಯಾದವು, ನನ್ನನ್ನ ಎಲ್ಲರೂ ಹೊಗಳಿದ್ರು.

2025ರ ಏಪ್ರಿಲ್‌ನಲ್ಲಿ ಏರ್‌ಫ್ಲೋ 3 ಬಂತು. ಎಕ್ಸಿಕ್ಯೂಷನ್ ಡೇಟ್ ಅನ್ನೋದನ್ನ ಪೂರ್ತಿ ತೆಗೆದು ಹಾಕಿದ್ರು, ಒಳ್ಳೇದಾಯ್ತು. ಆದ್ರೆ ಅದರ ಜೊತೆ ಇನ್ನೊಂದು ಕೆಲಸ ಮಾಡಿದ್ರು. ಕ್ರಾನ್ ವೇಳಾಪಟ್ಟಿ ಕೊಟ್ಟ ಜಾಬ್‌ಗಳಿಗೆ ಹಿಂದಿನ ಅವಧಿಯ ಲೆಕ್ಕವನ್ನ ಡೀಫಾಲ್ಟ್ ಆಗಿ ಬಿಟ್ಟುಬಿಟ್ಟರು. ಈಗ ಲಾಜಿಕಲ್ ಡೇಟ್ ಅಂದ್ರೆ ಜಾಬ್ ಓಡಬೇಕಾದ ಹೊತ್ತೇ. 13ರಂದು ಓಡಿದ ಜಾಬ್‌ಗೆ ಡಿಎಸ್ 13. ಹತ್ತು ವರ್ಷ ಜನ ಏನು ತಪ್ಪು ತಿಳ್ಕೊಂಡಿದ್ರೋ ಅದನ್ನೇ ಸರಿ ಮಾಡಿದ್ರು! ಭಾಷೆಯಲ್ಲಿ ಹೀಗಾಗೋದುಂಟು, ತಪ್ಪು ಪ್ರಯೋಗವೇ ರೂಢಿಯಾಗಿ ನಿಘಂಟಿಗೆ ಬರುತ್ತೆ. ಆದ್ರೆ ನಿಘಂಟು ಬದಲಾದ್ರೆ ಹಳೇ ಪತ್ರಗಳ ಅರ್ಥ ತಾನಾಗಿ ಬದಲಾಗಲ್ಲ. ಇಲ್ಲಿ ಬದಲಾಗುತ್ತೆ. ನನ್ನ 'ಒಂದು ಕೂಡಿಸು' ಈಗ 14ರ ಫೈಲ್ ಕೇಳುತ್ತೆ, ಅದು ಇನ್ನೂ ಹುಟ್ಟೇ ಇಲ್ಲ. ನನ್ನ ಕೋಡ್‌ನಲ್ಲಿ ಫೈಲ್ ಸಿಗದಿದ್ರೆ ಮಳೆ ಸೊನ್ನೆ ಅಂತ ಬರೆದಿದ್ದೆ. ಟೆಸ್ಟಿಂಗ್‌ನಲ್ಲಿ ಸಿಕ್ಕಿಬಿತ್ತು, ಪುಣ್ಯಕ್ಕೆ. ಕಾನ್ಫಿಗ್‌ನಲ್ಲಿ ಒಂದು ಸಾಲು ಬದಲಾಯಿಸಿದ್ರೆ ಹಳೇ ನಡವಳಿಕೆ ವಾಪಸ್ ಬರುತ್ತೆ. ಆದ್ರೆ ಯೋಚನೆ ಮಾಡಿ: ಕೋಡ್‌ನಲ್ಲಿ ಒಂದಕ್ಷರ ಬದಲಾಗಿಲ್ಲ, ಪದದ ಅರ್ಥ ಬದಲಾಗಿದೆ, ನರಸೀಪುರಕ್ಕೆ ಕಾಗದದ ಮೇಲೆ ಬರ ಬಂದಿದೆ.

ಬೇರೆ ಟೂಲ್‌ಗಳೂ ಏನು ಸಾಚಾ ಅಲ್ಲ. ಡೇಟಾಬ್ರಿಕ್ಸ್‌ನಲ್ಲಿ ಜಾಬ್ ಸ್ಟಾರ್ಟ್ ಟೈಮ್ ಅಂತಿದೆ. ಹೆಸರು ಪ್ರಾಮಾಣಿಕ, ಜಾಬ್ ಶುರುವಾದ ಹೊತ್ತು ಅಂದ್ರೆ ಶುರುವಾದ ಹೊತ್ತೇ, ಯುಟಿಸಿಯಲ್ಲಿ. ಬೆಳಗಿನ ಜಾವ ಐದಕ್ಕೆ ಓಡೋ ಜಾಬ್‌ಗೆ ಅದು ನಿನ್ನೆ ತಾರೀಖು ಕೊಡುತ್ತೆ, ಕ್ಲಸ್ಟರ್ ಏಳೋದು ತಡವಾಗಿ ಐದೂವರೆ ದಾಟಿದ್ರೆ ಇವತ್ತಿನ ತಾರೀಖು. ಪಕ್ಕದಲ್ಲೇ ಟ್ರಿಗರ್ ಟೈಮ್ ಅಂತ ಇನ್ನೊಂದಿದೆ, ವೇಳಾಪಟ್ಟಿಗೆ ಅಂಟಿಕೊಂಡಿರೋದು, ಬಳಸಬೇಕಾದ್ದು ಅದನ್ನ. ಅಝೂರ್ ಡೇಟಾ ಫ್ಯಾಕ್ಟರಿಯಲ್ಲಿ ಪೈಪ್‌ಲೈನ್‌ನ ಟ್ರಿಗರ್ ಟೈಮ್ ಅಂದ್ರೆ ನಿಜವಾಗಿ ಕಿಡಿ ಹತ್ತಿದ ಹೊತ್ತು, ವೇಳಾಪಟ್ಟಿಯ ಹೊತ್ತಿಗೆ ಶೆಡ್ಯೂಲ್ಡ್ ಟೈಮ್ ಅಂತ ಬೇರೆ ಹೆಸರು. ಒಂದು ಕಂಪನಿಯ ಟ್ರಿಗರ್ ಇನ್ನೊಂದು ಕಂಪನಿಯ ಟ್ರಿಗರ್ ಅಲ್ಲ.

ಡೇಟಾಬ್ರಿಕ್ಸ್ ಬಗ್ಗೆ ಇನ್ನೊಂದು ಮಾತು. ಹೂಬ್ರಾಕೆಟ್ ಒಳಗೆ ಬರೆದದ್ದರ ವ್ಯಾಕರಣ ತಪ್ಪಿದ್ರೆ ಅದು ಎರರ್ ಕೊಡಲ್ಲ. ಬರೆದದ್ದನ್ನ ಬ್ರಾಕೆಟ್ ಸಮೇತ ಹಾಗ್ಹಾಗೇ ಅಕ್ಷರಗಳಾಗಿ ಮುಂದಕ್ಕೆ ದಾಟಿಸುತ್ತೆ. ಪೂಜಾವಿಧಿ ಪುಸ್ತಕಗಳಲ್ಲಿ ಗೋತ್ರದ ಜಾಗದಲ್ಲಿ 'ಅಮುಕ' ಅಂತ ಅಚ್ಚಾಗಿರುತ್ತೆ, ಇಂಥಾ ಅಂತ ಅರ್ಥ, ನಿಮ್ಮದನ್ನ ತುಂಬಿಕೊಳ್ಳಿ ಅಂತ. ನಮ್ಮ ಪಕ್ಕದ ಮನೆಯವರು ಗೃಹಪ್ರವೇಶಕ್ಕೆ ಪುಸ್ತಕ ಹಿಡಿದು ತಾವೇ ಓದ್ಕೊಂಡು 'ಅಮುಕ ಗೋತ್ರದ, ಅಮುಕ ಹೆಸರಿನ' ಅಂತಾನೇ ಸಂಕಲ್ಪ ಮುಗಿಸಿಬಿಟ್ಟಿದ್ರು. ಜಾಬ್ ಸಕ್ಸಸ್, ಪುಣ್ಯ ಅಮುಕನಿಗೆ.

ನನಗೆ ಸಿಕ್ಕ ಅತ್ಯುತ್ತಮ ಹೆಸರು ಈಗ ಯಾರೂ ಕೇಳದ ಹಳೇ ಟೂಲ್‌ನಲ್ಲಿದೆ. ಹಡೂಪ್ ಕಾಲದ ಊಝಿ. (ಹಡೂಪ್‌ನ ಗುರುತು ಆನೆ, ಊಝಿ ಅಂದ್ರೆ ಬರ್ಮೀಸ್ ಭಾಷೆಯಲ್ಲಿ ಮಾವುತ. ಕಬಿನಿ ಹಿನ್ನೀರಿನ ಕಡೆಯವರಿಗೆ ಇದು ಇಷ್ಟವಾಗಬೇಕು.) ಅದರಲ್ಲಿ ನಾಮಿನಲ್ ಟೈಮ್, ಆ್ಯಕ್ಚುಯಲ್ ಟೈಮ್ ಅಂತ ಎರಡಿದ್ದವು. ಹೆಸರಿಗೆ ಇರೋ ಹೊತ್ತು, ನಿಜವಾದ ಹೊತ್ತು. ಹೆಸರಿಗೆ ಮಾತ್ರ ಅಂತ ಹೆಸರಲ್ಲೇ ಒಪ್ಪಿಕೊಂಡಿದೆ. ಎಕ್ಸ್‌ಎಂಎಲ್ ಬರೆದು ಬರೆದು ಕೈ ಬಿದ್ದುಹೋಗ್ತಿತ್ತು, ಅದು ಬೇರೆ ಮಾತು.

ಅದಕ್ಕಿಂತ ಒಳ್ಳೇ ಪದ್ಧತಿ ನಮ್ಮ ಹೊಲಗಳಲ್ಲೇ ಇತ್ತು. ದೊಡ್ಡಪ್ಪ ಮಳೆಯ ಬಗ್ಗೆ ಮಾತಾಡುವಾಗ ತಾರೀಖು ಹೇಳೋದು ಕಮ್ಮಿ. ಕೃತ್ತಿಕೆ ಮಳೆ, ರೋಹಿಣಿ ಮಳೆ, ಮೃಗಶಿರ, ಆರಿದ್ರಾ ಅಂತಾರೆ. ಸೂರ್ಯ ಒಂದು ನಕ್ಷತ್ರದಲ್ಲಿರೋ ಹದಿಮೂರು ಹದಿನಾಲ್ಕು ದಿನ ಒಂದು ಮಳೆ. ಮಳೆ ಬಂದ್ರೂ ಅದು ರೋಹಿಣಿ, ಬರದಿದ್ರೂ ಅದು ರೋಹಿಣಿಯೇ, ಕೈಕೊಟ್ಟ ರೋಹಿಣಿ. ಹೆಸರು ಅವಧಿಗೆ, ಸುದ್ದಿ ತಲುಪಿದ ದಿನಕ್ಕಲ್ಲ. ಮೇ ತಿಂಗಳ ಮಳೆ ಬಗ್ಗೆ ಆಗಸ್ಟ್‌ನಲ್ಲಿ ಕೇಳಿದ್ರೂ ಅದೇ ಹೆಸರು ಸಿಗುತ್ತೆ. ಏರ್‌ಫ್ಲೋ 2021ರಲ್ಲಿ ತಲುಪಿದ ಜಾಗಕ್ಕೆ ಇವರು ಯಾವತ್ತೋ ತಲುಪಿದ್ದಾರೆ, ಮತ್ತು 2025ರಲ್ಲಿ ವಾಪಸ್ ಬಂದಿಲ್ಲ.

'ಒಂದು ದಿನ ಆಚೀಚೆ ಆದ್ರೆ ಏನೀಗ' ಅಂತ ನಮ್ಮ ಮ್ಯಾನೇಜರ್ ಕೇಳಿದ್ರು. ಸಲಹೆ ಮೆಸೇಜ್ ಮಟ್ಟಿಗೆ ಬೈಗುಳ ತಿಂದು ಮುಗೀತು. ಆದ್ರೆ ಇದೇ ಥರದ ಮಳೆ ಅಂಕಿಗಳ ಮೇಲೆ ಹವಾಮಾನ ಆಧಾರಿತ ಬೆಳೆ ವಿಮೆ ನಡೆಯುತ್ತೆ. ಅಲ್ಲಿ ಮಳೆಯಿಲ್ಲದ ದಿನಗಳು ಸತತವಾಗಿ ಎಷ್ಟಾದವು ಅಂತ ಎಣಿಸ್ತಾರೆ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಅಂತ ಅವಧಿ ಹಾಕಿರ್ತಾರೆ. ಅವಧಿಯ ಕೊನೇ ದಿನ ಸಂಜೆ ಬಿದ್ದ ಮಳೆ ಒಳಗೋ ಹೊರಗೋ ಅನ್ನೋದು 'ತಾರೀಖು' ಅನ್ನೋ ಪದ ಯಾರದು ಅನ್ನೋದರ ಮೇಲೆ ನಿಂತಿದೆ. ಸೊನ್ನೆ ಅಂದ್ರೆ ಮಳೆ ಇಲ್ವೋ, ಫೈಲ್ ಇಲ್ವೋ ಅನ್ನೋದಂತೂ ಇನ್ನೂ ದೊಡ್ಡ ವ್ಯತ್ಯಾಸ.

ನದಿಗೂ ಇದೇ. ನರಸೀಪುರದಲ್ಲಿ ಕಪಿಲೆ ಬಂದು ಕಾವೇರಿಗೆ ಸೇರ್ತಾಳೆ. ನಾವು ಡೇಟಾದವರು ಸಂಗಮವನ್ನ ಜಾಯಿನ್ ಅಂತೀವಿ. ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯಿಂದ ಇವತ್ತು ಬಿಟ್ಟ ನೀರು, ನಂಜನಗೂಡಿನ ಹದಿನಾರು ಕಾಲು ಮಂಟಪದ ಹತ್ತಿರ ಏರೋ ನೀರು, ಸಂಗಮದಲ್ಲಿ ಕೆಆರ್‌ಎಸ್ ಕಡೆಯಿಂದ ಬಂದದ್ದರ ಜೊತೆ ಕೂಡೋ ನೀರು, ಇವನ್ನೆಲ್ಲ ತಾರೀಖಿನ ಮೇಲೆ ಜಾಯಿನ್ ಮಾಡಿದ್ರೆ ಟೇಬಲ್ ಅಚ್ಚುಕಟ್ಟಾಗಿ ಬರುತ್ತೆ. ಆದ್ರೆ ಒಂದೇ ಸಾಲಿನಲ್ಲಿರೋದು ಒಂದೇ ನೀರಲ್ಲ, ನೀರು ನಡೆದು ಬರೋಕೆ ಹೊತ್ತು ಬೇಕು. ಸಾಲದ್ದಕ್ಕೆ ಅಣೆಕಟ್ಟೆ ಮಟ್ಟ ನೋಡೋದು ಬೆಳಿಗ್ಗೆ ಎಂಟಕ್ಕೆ, ಮಳೆಯ ದಿನ ತಿರುಗೋದು ಎಂಟೂವರೆಗೆ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ವರ್ಷಕ್ಕೆ 177.25 ಟಿಎಂಸಿ ಬಿಡಬೇಕು, ಅದೂ ತಿಂಗಳ ಲೆಕ್ಕದಲ್ಲಿ: ಜುಲೈಗೆ 31.24, ಆಗಸ್ಟ್‌ಗೆ 45.95. ಜುಲೈ 31ರ ರಾತ್ರಿ ಹರಿದ ನೀರು ಯಾವ ತಿಂಗಳಿನದು? ಇದಕ್ಕೆ ಉತ್ತರ ಇದ್ದೇ ಇದೆ, ಅಳೆಯೋರಿಗೆ ಅದು ಗೊತ್ತು. ನಮ್ಮಂಥವರು ಅವರನ್ನ ಕೇಳದೆ ಡಿಎಸ್ ಅಂತ ಹಾಕಿಬಿಡ್ತೀವಿ, ಅದು ತೊಂದರೆ.

ಬಿಲ್ಟ್‌ಇನ್ ಅನ್ನೋ ಪದದಲ್ಲೇ ಒಂದು ಮೋಸ ಇದೆ, ಎಲ್ಲಾ ಬೇಕಾದ್ದೂ ಒಳಗೇ ಇದೆ ಅನ್ನೋ ಭಾವನೆ ಬರುತ್ತೆ. ನಂಜನಗೂಡಿನ ದೊಡ್ಡ ಜಾತ್ರೆ ಒಂದು ವರ್ಷ ಮಾರ್ಚ್‌ನಲ್ಲಿ, ಒಂದು ವರ್ಷ ಏಪ್ರಿಲ್‌ನಲ್ಲಿ. ಐದು ತೇರು ಎಳೆಯೋ ದಿನ ಊರಿನ ಬಸ್ಸು, ಹೋಟೆಲು, ಯುಪಿಐ ವಹಿವಾಟು ಎಲ್ಲ ತಲೆಕೆಳಗು. 'ಕಳೆದ ವರ್ಷದ ಇದೇ ದಿನ' ಅಂತ ಹೋಲಿಸೋ ರಿಪೋರ್ಟ್ ಎರಡು ವರ್ಷವೂ ಗಾಬರಿ ಬೀಳುತ್ತೆ. ಯಾವ ಟೂಲ್‌ನಲ್ಲೂ ಜಾತ್ರೆ ಅನ್ನೋ ವೇರಿಯಬಲ್ ಇಲ್ಲ, ನಾವೇ ಟೇಬಲ್ ಕಟ್ಟಿ ಇಟ್ಕೋಬೇಕು. ನರಸೀಪುರದ ಕುಂಭಮೇಳ ಇನ್ನೂ ಕಷ್ಟ. 1989ರಿಂದ ಮೂರು ವರ್ಷಕ್ಕೊಂದು ಸಲ ಅಂತ ನಡೀತಿದೆ. ಕ್ರಾನ್‌ನಲ್ಲಿ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಅಂತ ಐದೇ ಮನೆ. ವರ್ಷಕ್ಕೆ ಮನೆಯೇ ಇಲ್ಲ, ಮೂರು ವರ್ಷ ಅಂತ ಹೇಳೋಕೇ ಆಗಲ್ಲ. 2022ರ ಓಟ ಕೋವಿಡ್‌ನಿಂದ ಆಗಲಿಲ್ಲ, 2019 ಆದ ಮೇಲೆ ಮುಂದಿನದು 2025ರ ಫೆಬ್ರವರಿಯಲ್ಲಿ. ತಪ್ಪಿಹೋದದ್ದನ್ನ ಆಮೇಲೆ ಓಡಿಸೋ ಕ್ಯಾಚಪ್ ಸೆಟ್ಟಿಂಗ್ ಸಂಗಮದಲ್ಲಿ ಆಫ್ ಇರುತ್ತೆ.

ನನ್ನ ಪೈಪ್‌ಲೈನ್‌ನಲ್ಲಿ ಕೊನೆಗೆ ನಾನು ಮಾಡಿದ್ದು ಹೇಳ್ತೀನಿ, ಕೇಳಿದವರಿದ್ದಾರೆ. ಡಿಎಸ್ ತೆಗೆದೆ. ಅವಧಿಯ ಶುರು ಮತ್ತು ಕೊನೆಯನ್ನ ಹೊಸ ಹೆಸರುಗಳಿಂದ ತಗೊಂಡು, ಅವಧಿಯನ್ನ ನಾನೇ ಸ್ಪಷ್ಟವಾಗಿ ಗೊತ್ತುಮಾಡಿ, ಮೊದಲ ಹೆಜ್ಜೆಯಲ್ಲೇ ಭಾರತೀಯ ಸಮಯಕ್ಕೆ ತಿರುಗಿಸಿ, ಒಂದೇ ಕಡೆ ಎರಡು ಹೆಸರು ಇಟ್ಟೆ: 'ಇಲಾಖೆ ತಾರೀಖು', 'ಮಳೆ ಬಿದ್ದ ರಾತ್ರಿ'. ಕನ್ನಡದಲ್ಲೇ, ಇಂಗ್ಲಿಷ್ ಲಿಪಿಯಲ್ಲಿ. ಕೋಡ್ ರಿವ್ಯೂನಲ್ಲಿ ಪುಣೆಯ ಸಹೋದ್ಯೋಗಿ ಇದೇನು ಅಂತ ಕೇಳಿದ. ಕೇಳಿದ್ದು ಒಳ್ಳೇದೇ ಆಯ್ತು, ಡಿಎಸ್ ಅಂತ ಇದ್ದಾಗ ಯಾರೂ ಏನೂ ಕೇಳಿರಲಿಲ್ಲ. ಫೈಲ್ ಸಿಗದಿದ್ರೆ ಈಗ ಸೊನ್ನೆ ಅಲ್ಲ, ಖಾಲಿ. ಖಾಲಿ ಇದ್ರೆ ಮೆಸೇಜ್ ಹೋಗಲ್ಲ.

ಮುಂದಿನ ಸಲ ಊರಿಗೆ ಹೋದಾಗ ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರ್ ನೋಡಿದೆ. ದೊಡ್ಡಪ್ಪ ಮಳೆ ಬಂದ ದಿನಗಳಿಗೆ ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ರು, ಕೆಲವಕ್ಕೆ ಒಂದು ಸುತ್ತು, ಜೋರು ಮಳೆಗೆ ಎರಡು. ಒಂದು ಕಡೆ ಸುತ್ತು 12ಕ್ಕೂ 13ಕ್ಕೂ ನಡುವೆ, ಗೆರೆಯ ಮೇಲೆ ಬಿದ್ದಿತ್ತು. ಇದು ಯಾವತ್ತಿಂದು ಅಂತ ಕೇಳಿದೆ.

"ರಾತ್ರಿ ಬಂತು, ಬೆಳಗಿನ ಜಾವದವರ್ಗೂ ಹುಯ್ತು. ಇನ್ನೆಲ್ಲಿ ಹಾಕನ?"